ಹರೆಯದ ಮಕ್ಕಳ ಯೋಜನೆ: ಫಲವನ್ನು ಅಳೆಯುವುದು ಹೇಗೆ?

ರಾಗಿ ಬೆಳೆಯುವ ರೈತನು ತಾನು ಎಷ್ಟು ಸೇರು ಬಿತ್ತಿದೆನೆಂದು ಹೇಳಿಕೊಂಡು ತೃಪ್ತನಾಗುವುದಿಲ್ಲ. ಸುಗ್ಗಿಯಲ್ಲಿ ಕಣದ ಮೇಲೆ ರಾಶಿ ಎಷ್ಟಾಯಿತೆಂಬುದನ್ನೇ ನೋಡುತ್ತಾನೆ. ಗೌರಿಬಿದನೂರು ತಾಲ್ಲೂಕಿನ ದಂಪತಿಗಳಾದ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಹರೆಯದ ಮಕ್ಕಳಿಗಾಗಿ ನಡೆಯುವ ಕಾರ್ಯಕ್ರಮಗಳ ವಿಷಯ ಬಂದಾಗ ನಾವೆಲ್ಲರೂ ಬಿತ್ತನೆಯ ಲೆಕ್ಕವನ್ನೇ ಒಪ್ಪಿಸುತ್ತೇವೆ: ಇಷ್ಟು ಸಭೆಗಳು ನಡೆದವು, ಇಷ್ಟು ಮಾತ್ರೆಗಳನ್ನು ಹಂಚಲಾಯಿತು. ಕಣದ ಲೆಕ್ಕವೆಲ್ಲಿ?

10ರಿಂದ 19 ವರ್ಷದವರಿಗಾಗಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವು 2014ರ ಜನವರಿಯಲ್ಲಿ ಆರಂಭವಾಯಿತು. ಹರೆಯದವರು ಸಂಕೋಚವಿಲ್ಲದೆ ಮಾತನಾಡಲೆಂದು ನಮ್ಮ ರಾಜ್ಯದ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ಗಳನ್ನು ತೆರೆಯಲಾಯಿತು. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೊಡನೆ ಕೂಡಿ ‘ಯುವ ಸ್ಪಂದನ’ವನ್ನು ರಾಜ್ಯದಾದ್ಯಂತ ಕೈಗೊಂಡಿತು. ಹರೆಯವೆಂದರೆ ಕಾಟವೆಂದು ತಿಳಿಯದೆ, ಅದೊಂದು ಶಕ್ತಿಯೆಂದು ತಿಳಿದು ಬೆಳೆಸಬೇಕೆಂಬುದು ಇವುಗಳ ಹಿಂದಿನ ವಿಚಾರ. ಯೋಚಿಸಿ ನಿರ್ಧರಿಸುವುದು, ಕೋಪ ದುಃಖಗಳನ್ನು ತಾಳಿಕೊಳ್ಳುವುದು, ಬೇಡವಾದುದಕ್ಕೆ ಬೇಡವೆನ್ನುವುದು ಇವೆಲ್ಲ ಕಲಿಸಿದರೆ ಬರುವ ವಿದ್ಯೆಗಳೇ. ಇವನ್ನು ಜೀವನ ಕೌಶಲಗಳೆನ್ನುತ್ತಾರೆ.

ನಮ್ಮ ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗನೊಬ್ಬನು 1935ರಲ್ಲಿ ಹೈಸ್ಕೂಲು ಸೇರಲು ಬೆಂಗಳೂರಿಗೆ ಕಾಲ್ನಡಿಗೆಯಲ್ಲಿಯೇ ಹೋದನು. ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದ ಡಾ. ಎಚ್. ನರಸಿಂಹಯ್ಯನವರೇ ಆ ಹುಡುಗ. ಆಗ ಯಾವ ಯೋಜನೆಯೂ ಇರಲಿಲ್ಲ; ಮೇಷ್ಟರೊಬ್ಬರ ಪ್ರೋತ್ಸಾಹವಿತ್ತು. ಅದೇ ವಯಸ್ಸಿನ ಹುಡುಗಿಯೊಬ್ಬಳು ಹಾಗೆ ಹೊರಟಿದ್ದರೆ ಊರು ಏನೆನ್ನುತ್ತಿತ್ತೆಂದು ನೀವೇ ಊಹಿಸಿರಿ. ಅಂತಹ ಆಸರೆಯು ಎಲ್ಲೋ ಒಬ್ಬನಿಗಲ್ಲ, ಎಲ್ಲ ಮಕ್ಕಳಿಗೂ ದೊರೆಯಬೇಕೆಂದೇ ಇಂದು ಯೋಜನೆಗಳು ಬೇಕಾಗಿವೆ.

ಇನ್ನು ಅಳತೆಯ ಮಾತು. ನಿಮ್ಹಾನ್ಸ್ ತಜ್ಞರು ಯುವಜನರನ್ನು ತರಬೇತಿಗೆ ಮೊದಲೊಮ್ಮೆ, ಅನಂತರ ಮತ್ತೊಮ್ಮೆ ಪ್ರಶ್ನಿಸಿ ಉತ್ತರಗಳನ್ನು ಹೋಲಿಸಿದರು. ಜೀವನ ಕೌಶಲದ ಅಂಕಗಳು ಹೆಚ್ಚಿದ್ದುದು ಕಂಡುಬಂದಿತು. ಇದು ಸಂತೋಷದ ವಿಷಯ. ಆದರೂ ಒಳ್ಳೆಯ ಮಳೆಯಾದ ವರ್ಷದ ಬೆಳೆಯನ್ನು ಹೊಸ ಗೊಬ್ಬರದ ಗುಣವೆಂದು ತಿಳಿಯುವವರುಂಟು. ಬುದ್ಧಿವಂತ ರೈತನು ಗೊಬ್ಬರ ಹಾಕದ ಪಕ್ಕದ ಪಟ್ಟಿಯನ್ನೂ ನೋಡುತ್ತಾನೆ. ತರಬೇತಿ ಪಡೆಯದ ಊರಿನ ಮಕ್ಕಳೊಡನೆ ಹೋಲಿಸಿದಾಗ, ವರ್ಷ ಕಳೆದ ಮೇಲೂ ಗುಣ ಉಳಿದಿದೆಯೇ ಎಂದು ನೋಡಿದಾಗ ಮಾತ್ರ ಅಳತೆಯು ಪೂರ್ಣವಾಗುತ್ತದೆ.

ಕಣದ ಲೆಕ್ಕವನ್ನು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನೋಡಬಹುದು. ಕರ್ನಾಟಕದಲ್ಲಿ 20ರಿಂದ 24 ವರ್ಷದ ಸ್ತ್ರೀಯರ ಪೈಕಿ 18 ತುಂಬುವ ಮೊದಲೇ ಮದುವೆಯಾದವರು 2015-16ರಲ್ಲಿ ನೂರಕ್ಕೆ 21.4, 2019-20ರಲ್ಲಿ 21.3. ಐವರಲ್ಲಿ ಒಬ್ಬಳು! ಯೋಜನೆ ಸೋತಿತೆಂದು ಇದರಿಂದಲೇ ತೀರ್ಮಾನಿಸುವುದೂ ಸರಿಯಲ್ಲ. 2019ರಲ್ಲಿ 24 ವರ್ಷದವಳಾಗಿದ್ದ ಹೆಣ್ಣುಮಗಳಿಗೆ 2014ರಲ್ಲಿಯೇ 19 ಆಗಿತ್ತು. ಅವಳ ಮಟ್ಟಿಗೆ ಯೋಜನೆಯು ತಡವಾಗಿ ಬಂದಿತು. ಆದರೆ ಈಗ 15ರಲ್ಲಿರುವ ನಿಮ್ಮ ಮಗಳಿಗೆ ಆ ಮಾತು ಅನ್ವಯಿಸುವುದಿಲ್ಲ. ಅವಳಿಗೆ 18 ತುಂಬದೆ ಮದುವೆ ಮಾಡಿದರೆ, 2016ರ ರಾಜ್ಯ ತಿದ್ದುಪಡಿಯಂತೆ, ಆ ಮದುವೆಯು ಮೊದಲಿನಿಂದಲೇ ಅಸಿಂಧು. ಕಾನೂನಿನ ಮಾತು ಹಾಗಿರಲಿ, ಬೆಳೆಯುತ್ತಿರುವ ದೇಹವು ಗರ್ಭವನ್ನು ಹೊತ್ತಾಗ ತಾಯಿ ಮಗು ಇಬ್ಬರಿಗೂ ಅಪಾಯ ಹೆಚ್ಚು.

ಅದೇ ಸಮೀಕ್ಷೆಯಂತೆ 15ರಿಂದ 19 ವರ್ಷದ ಹುಡುಗಿಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ವಾರಕ್ಕೊಂದು ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಶಾಲೆಯಲ್ಲಿ, ಶಾಲೆ ಬಿಟ್ಟವರಿಗೆ ಅಂಗನವಾಡಿಯಲ್ಲಿ ಕೊಡುವ ಯೋಜನೆಯಿದ್ದೂ ಹೀಗೇಕೆ? ರಕ್ತಹೀನತೆಗೆ ಕಾರಣ ಒಂದೇ ಅಲ್ಲ. ಆಹಾರದ ಕೊರತೆ, ಹೊಟ್ಟೆಯ ಹುಳು, ಮುಟ್ಟಿನ ಅಧಿಕ ಸ್ರಾವ ಇವೂ ಸೇರುತ್ತವೆ. ಆದರೆ ಕೊಟ್ಟ ಮಾತ್ರೆ ಬೇರೆ, ನುಂಗಿದ ಮಾತ್ರೆ ಬೇರೆ ಎಂಬುದನ್ನು ತಾಯಂದಿರು ಬಲ್ಲರು. ಹೊಟ್ಟೆ ತೊಳಸುತ್ತದೆಂದು, ಮಲ ಕಪ್ಪಾಗುತ್ತದೆಂದು ಹೆದರಿ ಹುಡುಗಿಯರು ಅದನ್ನು ಎಸೆಯುವುದುಂಟು. ಮಲ ಕಪ್ಪಾದರೆ ಭಯಪಡಬೇಕಾಗಿಲ್ಲ. ಊಟವಾದ ಮೇಲೆ ನುಂಗಿದರೆ ತೊಳಸು ಕಡಿಮೆ. ಮಾತ್ರೆಯ ಹಿಂದೆಯೇ ಕಾಫಿ, ಟೀ ಬೇಡ. ನಿಂಬೆಹಣ್ಣಿನ ಪಾನಕ ಒಳ್ಳೆಯದು.

ಈ ಲೆಕ್ಕವನ್ನು ಇಲಾಖೆಯ ಕಡತದಲ್ಲಿ ಬರೆಯಲಾಗದು. ನಿಮ್ಮ ಮನೆಯಲ್ಲಿ ಮಾತ್ರ ನೋಡಬಹುದು. ಈ ವಾರ ಮಾತ್ರೆ ನುಂಗಿದೆಯಾ ಎಂದು ಮಗಳನ್ನು ಕೇಳಿರಿ. ಬೈಯದೆ ಕೇಳಿರಿ. ತರಬೇತಿಗೆ ಹೋಗಿಬಂದ ಮಗನು ತಂದೆಯ ಮುಂದೆ ತನ್ನ ಕಷ್ಟವನ್ನು ಹೇಳಿಕೊಳ್ಳುವನೇ, ಮದುವೆಯ ಮಾತೆತ್ತಿದಾಗ ಮಗಳು ‘ಈಗ ಬೇಡ, ಓದಬೇಕು’ ಎನ್ನಬಲ್ಲಳೇ ಎಂಬುದನ್ನು ಗಮನಿಸಿರಿ. ಆ ಮಾತನ್ನು ಎದುರುತ್ತರವೆಂದು ಭಾವಿಸಿದರೆ ತರಬೇತಿಯು ಅಂದಿಗೇ ವ್ಯರ್ಥವಾಯಿತು. ಮಗುವು ಮನಸ್ಸಿನ ನೋವಿನಿಂದ ಮಂಕಾಗಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿರಿ ಅಥವಾ 14416ಕ್ಕೆ ದೂರವಾಣಿ ಮಾಡಿರಿ. ಎಳೆಯ ಹುಡುಗಿಯ ಮದುವೆಯ ಸುಳಿವು ದೊರೆತರೆ ಮಕ್ಕಳ ಸಹಾಯವಾಣಿಯ ಸಂಖ್ಯೆ 1098.