ಪಂಚಾಯತಿಗೆ ನಿಲ್ಲುವ ಅಣ್ಣನ ಮಗಳಿಗೆ

ತಂಗೀ, ನಿನ್ನೆ ಜಗಲಿಯ ಮೇಲೆ ಕೂತು "ಅತ್ತೆ, ಈ ಸಲ ಪಂಚಾಯತಿಗೆ ನಿಲ್ಲಬೇಕು ಅಂತಿದ್ದೇನೆ" ಎಂದೆಯಲ್ಲ, ನಾನು ಕೂಡಲೇ ಏನೂ ಹೇಳಲಿಲ್ಲ. ನಿನ್ನ ಅಪ್ಪ ಮುಖ ಸಣ್ಣ ಮಾಡಿಕೊಂಡ. ಅಮ್ಮ ಸುಮ್ಮನೆ ಎದ್ದು ಒಳಗೆ ಹೋದಳು. ನನಗಂತೂ ಖುಷಿಗೇ ನಿದ್ದೆ ಹತ್ತಲಿಲ್ಲ. ಹಾಗೆ ಹೊರಳಾಡುತ್ತಿದ್ದಾಗ ನೆನಪಾದವರು ಮಾರ್ಗರೆಟ್ ಆಳ್ವ.

ನಿನ್ನ ಓರಗೆಯವರಿಗೆ ಅವರು ಯಾವುದೋ ರಾಜ್ಯದ ಮಾಜಿ ರಾಜ್ಯಪಾಲರು, ಅಷ್ಟೇ. ನಮಗೆ ಹಾಗಲ್ಲ. ಹೊನ್ನಾವರ, ಕುಮಟಾ, ಭಟ್ಕಳವೆಲ್ಲ ಸೇರಿದ ಕೆನರಾ ಲೋಕಸಭಾ ಕ್ಷೇತ್ರದಿಂದ 1999ರಲ್ಲಿ ಗೆದ್ದು ಹೋದವರು ಅವರು. 2004ರಲ್ಲಿ ಇದೇ ಕ್ಷೇತ್ರದಲ್ಲಿ ಅನಂತಕುಮಾರ ಹೆಗಡೆಯವರ ಎದುರು ಸೋತರು. ಅವರ ಮಾವ ಜೋಕಿಂ ಆಳ್ವ 1952ರಿಂದ ಮೂರು ಬಾರಿ ಇಲ್ಲಿಯ ಸಂಸದರಾಗಿದ್ದರು; ಅತ್ತೆ ವಯಲೆಟ್ ಆಳ್ವ ರಾಜ್ಯಸಭೆಯ ಉಪಸಭಾಪತಿಯಾಗಿದ್ದರು. ಗಂಡ, ಹೆಂಡತಿ ಇಬ್ಬರೂ ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡವರು. ಅಂಥ ಮನೆಗೆ ಸೊಸೆಯಾಗಿ ಬಂದವರಿಗೆ ಬಾಗಿಲು ತೆರೆದೇ ಇತ್ತು ಎನ್ನುವವರಿದ್ದಾರೆ. ಇರಬಹುದು. ಆದರೆ ಬಾಗಿಲು ದಾಟಿದ ಮೇಲೆ ಒಳಗೆ ಕೂತು ಕೆಲಸ ಮಾಡಬೇಕಲ್ಲ, ಅದನ್ನು ನೋಡು. ಕಾನೂನು ಓದಿಕೊಂಡಿದ್ದ ಅವರು 1974ರಲ್ಲಿ, ಮೂವತ್ತೆರಡರ ಆಸುಪಾಸಿನಲ್ಲಿ, ರಾಜ್ಯಸಭೆಗೆ ಹೋದರು. 1998ರವರೆಗೆ ಸತತ ನಾಲ್ಕು ಅವಧಿ ಅಲ್ಲಿದ್ದರು.

ರಾಜ್ಯಸಭೆಗೆ ಆರಿಸುವವರು ಶಾಸಕರು. ಅಲ್ಲಿಗೆ ಹೋಗಲು ಯಾರ ಅಂಗಳದಲ್ಲೂ ನಿಂತು ಓಟು ಕೇಳಬೇಕಿಲ್ಲ. ಇಪ್ಪತ್ತನಾಲ್ಕು ವರ್ಷ ಸಂಸತ್ತಿನಲ್ಲಿ ಪಳಗಿದವರು, ಕೇಂದ್ರದಲ್ಲಿ ಮಂತ್ರಿಯಾಗಿದ್ದವರು, ಜನರ ಓಟಿನಿಂದ ಲೋಕಸಭೆಗೆ ಹೋದದ್ದು ಒಂದೇ ಸಲ. ಅದು ನಮ್ಮ ಓಟು. 2004ರಲ್ಲಿ ಯಾಕೆ ಸೋತರು ಎಂಬುದಕ್ಕೆ ಇಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ. ನಾನು ಆ ಲೆಕ್ಕಕ್ಕೆ ಹೋಗುವುದಿಲ್ಲ. ನಿನ್ನ ಕ್ಷೇತ್ರ ಒಂದು ವಾರ್ಡು. ಎರಡು ಕೇರಿ, ಒಂದು ಗಜನಿ ಬಯಲು, ಬೇಸಿಗೆಯಲ್ಲಿ ಉಪ್ಪಾಗುವ ನಾಲ್ಕು ಬಾವಿ. ಅಲ್ಲಿ ಯಾವ ಹೆಸರಿನ ಮರೆಯಲ್ಲೂ ಅಡಗಿಕೊಳ್ಳಲಾಗದು. ಹಾಗಾಗಿ ನಿನ್ನ ಕೆಲಸ ಅವರದಕ್ಕಿಂತ ಸುಲಭ ಎಂದು ತಿಳಿಯಬೇಡ.

ನೀನು ನಿಲ್ಲುತ್ತಿರುವ ಸೀಟು ಎಲ್ಲಿಂದ ಬಂತು ಎನ್ನುವುದೂ ಗೊತ್ತಿರಲಿ. ನಮ್ಮ ಜಿಲ್ಲೆಯ ಸಿದ್ದಾಪುರದ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ, ನಜೀರ್ ಸಾಬ್ ಪಂಚಾಯತ್ ಮಂತ್ರಿಯಾಗಿದ್ದಾಗ ಬಂದ ಕಾಯ್ದೆಯಲ್ಲಿ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಇಟ್ಟರು. ಅದರಂತೆ 1987ರಲ್ಲಿ ಚುನಾವಣೆ ನಡೆಯಿತು. ಆಗ ದೆಹಲಿಯಲ್ಲಿ ಮಹಿಳೆ ಮತ್ತು ಮಕ್ಕಳ ಇಲಾಖೆ ನೋಡುತ್ತಿದ್ದವರು ಮಾರ್ಗರೆಟ್ ಆಳ್ವ. 1988ರ ಮಹಿಳಾ ರಾಷ್ಟ್ರೀಯ ಯೋಜನೆ ಅವರ ಕಾಲದ್ದು. ಪಂಚಾಯತಿಗಳಲ್ಲಿ ಹೆಂಗಸರಿಗೆ ನೂರಕ್ಕೆ 30 ಸ್ಥಾನ ಮೀಸಲಿರಬೇಕು ಎಂದು ಅದು ಹೇಳಿತು. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ ಮೂರರಲ್ಲೊಂದು ಪಾಲು ಇಡೀ ದೇಶದ ಹಕ್ಕಾಯಿತು. ಈಗ ಕರ್ನಾಟಕದಲ್ಲಿ ಅರ್ಧ. ನಾನು ಟೀಚರಾಗಿ ಸೇರಿದ ಕಾಲಕ್ಕೆ ಪಂಚಾಯತಿ ಸಭೆಗೆ ಹೆಂಗಸರು ಹೋದರೆ ಚಾ ತರಲಿಕ್ಕೆ ಎಂದುಕೊಳ್ಳುತ್ತಿದ್ದರು. ನಿನಗಾಗಿ ಕುರ್ಚಿ ಹಾಕಿಸಿದವರು ಬಹಳ ಮಂದಿ. ಆ ಕುರ್ಚಿಯಲ್ಲಿ ನೀನು ಕೂತು, ಸಹಿಯನ್ನು ಅಪ್ಪನೋ ಅಣ್ಣನೋ ಮಾಡುವಂತಾದರೆ ಈ ಅತ್ತೆ ಕ್ಷಮಿಸುವುದಿಲ್ಲ.

ಇನ್ನು ಬಹಳ ಯೋಚಿಸಿ ಹೇಳುವ ಮಾತು. 2008ರ ವಿಧಾನಸಭಾ ಚುನಾವಣೆಯಲ್ಲಿ ತಮ್ಮದೇ ಕಾಂಗ್ರೆಸ್ ಪಕ್ಷ ಟಿಕೆಟ್ ಮಾರಿತೆಂದು ಆಳ್ವ ಬಹಿರಂಗವಾಗಿ ಹೇಳಿದರು. ಪಕ್ಷದ ಪ್ರಧಾನ ಕಾರ್ಯದರ್ಶಿ ಹುದ್ದೆ ಕೈಬಿಟ್ಟಿತು. ಹಾಗೆ ಹೇಳಲು ಎದೆ ಬೇಕು, ಅದನ್ನು ಗೌರವಿಸುತ್ತೇನೆ. ಆದರೆ ಅವರ ಮಗನಿಗೆ ಟಿಕೆಟ್ ತಪ್ಪಿದ ಚುನಾವಣೆ ಅದೇ. ಹಾಗಾಗಿ ಎಷ್ಟೋ ಜನ ಮಾತಿನ ಒಳಗಿದ್ದ ಸತ್ಯ ಬಿಟ್ಟು ಮಗನ ಟಿಕೆಟ್ಟನ್ನೇ ಹಿಡಿದು ಕೂತರು. ತಂಗೀ, ಹೇಳಬೇಕಾದ್ದನ್ನು ನಮ್ಮ ಮನೆಗೆ ಬಿಸಿ ತಟ್ಟುವ ಮೊದಲೇ ಹೇಳಿಬಿಡಬೇಕು. ಯಾರದೋ ಗದ್ದೆಯ ಕಟ್ಟೆ ಒಡೆದಾಗ, ಯಾರದೋ ಮನೆ ಪಟ್ಟಿಯಿಂದ ಬಿಟ್ಟುಹೋದಾಗ ಬಾಯಿ ಬಿಡು. ನಮ್ಮ ಹಿತ್ತಲಿಗೆ ನೀರು ನುಗ್ಗಿದ ಮೇಲೆ ಎದ್ದ ಕೂಗಿಗೆ ಅರ್ಧವೇ ಬೆಲೆ.

ಮರುವರ್ಷವೇ, 2009ರಲ್ಲಿ, ಅವರು ಉತ್ತರಾಖಂಡಕ್ಕೆ ರಾಜ್ಯಪಾಲರಾಗಿ ಹೋದರು. ಆ ರಾಜ್ಯಕ್ಕೆ ಮೊದಲ ಮಹಿಳಾ ರಾಜ್ಯಪಾಲರು. ಆಮೇಲೆ ರಾಜಸ್ಥಾನ; 2014ರಲ್ಲಿ ಕೆಲವು ದಿನ ಗುಜರಾತ್, ಗೋವಾಗಳ ಹೊಣೆಯೂ ಬಂತು. ರಾಜ್ಯಪಾಲರನ್ನು ನೇಮಿಸುವುದು ರಾಷ್ಟ್ರಪತಿ, ಅಂದರೆ ಕೇಂದ್ರ ಸರ್ಕಾರ. ನಿನ್ನೆಯವರೆಗೆ ಪಕ್ಷದ ಬಾವುಟ ಹಿಡಿದವರು ಅಲ್ಲಿ ಕೂತ ದಿನದಿಂದ ಯಾರ ಪಕ್ಷವೂ ಅಲ್ಲ ಎಂದು ನಡೆದುಕೊಳ್ಳಬೇಕು. ಅದು ಎಷ್ಟು ಕಷ್ಟವೆಂದು ನಾವು 1989ರಲ್ಲೇ ಕಂಡಿದ್ದೇವೆ. ಆಗಿನ ನಮ್ಮ ಮುಖ್ಯಮಂತ್ರಿ ಬೊಮ್ಮಾಯಿಯವರ ಸರ್ಕಾರಕ್ಕೆ ಸದನದಲ್ಲಿ ಬಲ ತೋರಿಸಲು ಅವಕಾಶವೇ ಸಿಗಲಿಲ್ಲ. ರಾಜ್ಯಪಾಲರ ವರದಿಯ ಮೇಲೆ ವಜಾ ಆಯಿತು. ಬಹುಮತ ಅಳೆಯಬೇಕಾದ ಜಾಗ ಸದನ, ರಾಜಭವನವಲ್ಲ ಎಂದು ಸುಪ್ರೀಂ ಕೋರ್ಟು 1994ರಲ್ಲಿ ತೀರ್ಪು ಕೊಟ್ಟಿತು. ಆಳ್ವರಿಗೂ ಅಂಥ ಪರೀಕ್ಷೆ ಬಂತು. 2012ರಲ್ಲಿ ಉತ್ತರಾಖಂಡದ 70 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 32, ಬಿಜೆಪಿಗೆ 31. ಅವರು ಕಾಂಗ್ರೆಸ್ಸನ್ನು ಕರೆದರು. ಸದನದಲ್ಲಿ ಬಹುಮತ ಸಾಬೀತಾಯಿತು. ಎಣಿಕೆ ಎಲ್ಲರ ಕಣ್ಣೆದುರು ನಡೆದರೆ ಕರೆದವರ ಮೇಲಿನ ಗುಮಾನಿಯೂ ಕಡಿಮೆಯಾಗುತ್ತದೆ. ನಿಮ್ಮ ಪಂಚಾಯತಿಯಲ್ಲಿಯೂ ಠರಾವನ್ನು ಸಭೆಯಲ್ಲೇ ಓದಿಸಿ ಬರೆಸು. ಮನೆಗೆ ಪುಸ್ತಕ ಕಳಿಸಿ ಸಹಿ ಹಾಕಿಸಿಕೊಳ್ಳಲು ಬಂದರೆ ವಾಪಸು ಕಳಿಸು.

2022ರಲ್ಲಿ, ಎಂಬತ್ತರ ಪ್ರಾಯದಲ್ಲಿ, ಅವರು ಉಪರಾಷ್ಟ್ರಪತಿ ಚುನಾವಣೆಗೆ ವಿರೋಧ ಪಕ್ಷಗಳ ಅಭ್ಯರ್ಥಿಯಾದರು. ಎಣಿಸುವ ಮೊದಲೇ ಸೋಲು ಗೊತ್ತಿತ್ತು. ಎದುರಾಳಿಗೆ 528, ಇವರಿಗೆ 182. ಆ ದಿನ ಟಿವಿ ನೋಡುತ್ತಿದ್ದ ನಿನ್ನ ಅಪ್ಪ "ಈ ವಯಸ್ಸಿಗೆ ಯಾಕೆ ಬೇಕಿತ್ತು" ಎಂದ. ನನಗೆ ಆ 182 ಓಟು ಸಣ್ಣದಾಗಿ ಕಾಣಲೇ ಇಲ್ಲ.

ನಿನಗೂ ಸೋಲು ಬರಬಹುದು. ಬಂದರೆ ಮರುದಿನ ಬೆಳಿಗ್ಗೆ ಅದೇ ಕೇರಿಯಲ್ಲಿ ನಡೆದು ಹಾಲಿನ ಡೈರಿಗೆ ಹೋಗಬೇಕು, ತಲೆ ತಗ್ಗಿಸದೆ. ಓಟು ಹಾಕದವರ ಮನೆಯ ಸಾವಿಗೂ ಮದುವೆಗೂ ಹೋಗಬೇಕು.

ನಿನ್ನ ಅಪ್ಪನ ಹತ್ತಿರ ನಾನು ಮಾತಾಡುತ್ತೇನೆ, ಅದು ನನ್ನ ಪಾಲಿಗಿರಲಿ. ನೀನು ಸೋಮವಾರ ಪಂಚಾಯತಿಗೆ ಹೋಗಿ ನಮ್ಮ ವಾರ್ಡಿನ ಮತದಾರರ ಪಟ್ಟಿ ತಾ. ನನ್ನ ಕನ್ನಡಕ ಸರಿಯಿದೆ. ಸಂಜೆ ಕೂತು ಒಂದೊಂದೇ ಹೆಸರು ಓದೋಣ; ಯಾರ ಮನೆಯಲ್ಲಿ ಏನು ತೊಂದರೆ ಎಂದು ನಿನಗೆ ಎಷ್ಟು ಗೊತ್ತು ನೋಡಬೇಕು.