ಕಛೇರಿಯ ಪ್ರಿಂಟರ್ ಹೊರಗಿನವರಿಗೂ: ಪಾಸ್‌ವರ್ಡ್ ಕೊಡದೆ ಮುದ್ರಣಕ್ಕೆ ಅವಕಾಶ

ರಾಯಚೂರಿನಲ್ಲಿ ಒಂದು ಹತ್ತಿ ಜಿನ್ನಿಂಗ್ ಕಾರ್ಖಾನೆ, ಮಾನ್ವಿ ಮತ್ತು ದೇವದುರ್ಗಗಳಲ್ಲಿ ಅದರ ಖರೀದಿ ಕೇಂದ್ರಗಳು ಇವೆಯೆಂದು ಭಾವಿಸೋಣ. ಸಂಜೆಯ ಹೊತ್ತಿಗೆ ಬೇಲ್ ತುಂಬಿದ ಲಾರಿ ಹೊರಡಲು ಸಿದ್ಧವಾಗಿದೆ. ಸಾಗಣೆ ಏಜೆಂಟರ ಗುಮಾಸ್ತರು ತಮ್ಮ ಲ್ಯಾಪ್‌ಟಾಪಿನಿಂದ ಲಾರಿ ರಸೀದಿಯನ್ನು ಮುದ್ರಿಸಬೇಕಾಗಿದೆ; ಆದರೆ ಕಛೇರಿಯ ಪ್ರಿಂಟರ್ ಅವರಿಗೆ ಪ್ರವೇಶ ನೀಡುವುದಿಲ್ಲ. ಅವಸರದಲ್ಲಿ ಮುನೀಮರು ತಮ್ಮ ಪಾಸ್‌ವರ್ಡನ್ನೇ ಹೇಳಿಬಿಡುತ್ತಾರೆ. ಲಾರಿಯೇನೋ ಹೊರಡುತ್ತದೆ. ಆದರೆ ಪಾರ್ಟಿಗಳ ಖಾತೆ, ಖರೀದಿ ದರ, ಬಾಕಿ ಪಟ್ಟಿಗಳಿಗೂ ಅದೇ ಪಾಸ್‌ವರ್ಡ್ ಕೀಲಿಕೈ ಎಂಬುದು ಆ ಗಳಿಗೆಯಲ್ಲಿ ಯಾರ ನೆನಪಿಗೂ ಬರುವುದಿಲ್ಲ.

ಜಿಎಸ್‌ಟಿ ನಿಯಮದ ಪ್ರಕಾರ ಸರಕಿನ ತೆರಿಗೆ ಬಿಲ್ಲನ್ನು ಖರೀದಿದಾರರಿಗೆ, ಸಾಗಣೆದಾರರಿಗೆ ಮತ್ತು ಮಾರಾಟಗಾರರಿಗೆಂದು ಮೂರು ಪ್ರತಿಗಳಲ್ಲಿ ಸಿದ್ಧಪಡಿಸಬೇಕು. ಇ-ವೇ ಬಿಲ್ 2018ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹೀಗಿರುವಾಗ ಪ್ರಿಂಟರ್ ನಿಂತರೆ ವ್ಯವಹಾರವೇ ನಿಂತಂತೆ. ಆದ್ದರಿಂದ ಹೊರಗಿನವರಿಗೆ ಮುದ್ರಣದ ಅವಕಾಶವನ್ನು ಮಾತ್ರ ಕೊಡುವ ಕ್ರಮವನ್ನು ತಿಳಿಯುವುದು ಅವಶ್ಯಕ.

ಡೊಮೇನ್ ಎಂದರೇನು?

ಕಛೇರಿಯ ಎಲ್ಲ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡುಗಳನ್ನು ಒಂದೇ ಸರ್ವರ್‌ನಲ್ಲಿ ದಾಖಲಿಸಿ, ಯಾರಿಗೆ ಯಾವ ಅಧಿಕಾರವೆಂದು ಅಲ್ಲಿಂದಲೇ ನಿಶ್ಚಯಿಸುವ ವ್ಯವಸ್ಥೆಯೇ ಡೊಮೇನ್. ಈ ದಾಖಲೆಯಲ್ಲಿ ಇಲ್ಲದವರನ್ನು ಸರ್ವರ್ ಗುರುತಿಸುವುದಿಲ್ಲ. ಲೆಕ್ಕ ಪರಿಶೋಧಕರ ಲ್ಯಾಪ್‌ಟಾಪ್ ಆಗಲಿ, ಮಾಲೀಕರ ಮನೆಯ ಗಣಕಯಂತ್ರವಾಗಲಿ ಇದೇ ಕಾರಣದಿಂದ ಹೊರಗುಳಿಯುತ್ತದೆ.

ಮೊದಲನೆಯ ವಿಧಾನ: ಮುದ್ರಣಕ್ಕೆಂದೇ ಪ್ರತ್ಯೇಕ ಖಾತೆ

ಸರ್ವರ್‌ನಲ್ಲಿ ಹೊರಗಿನವರಿಗಾಗಿ ಒಂದು ಹೊಸ ಬಳಕೆದಾರ ಖಾತೆಯನ್ನು ತೆರೆಯಿರಿ. ಪ್ರಿಂಟರ್‌ನ ‘ಸೆಕ್ಯುರಿಟಿ’ ಪುಟದಲ್ಲಿ ಆ ಖಾತೆಗೆ ‘ಪ್ರಿಂಟ್’ ಅನುಮತಿಯನ್ನು ಮಾತ್ರ ನೀಡಿರಿ. ಅನಂತರ ಹೊರಗಿನ ಗಣಕಯಂತ್ರದ ‘ಕ್ರೆಡೆನ್ಷಿಯಲ್ ಮ್ಯಾನೇಜರ್’ನಲ್ಲಿ ಸರ್ವರ್‌ನ ಹೆಸರು, ಡೊಮೇನ್ ಹೆಸರಿನ ಸಹಿತ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡನ್ನು ನಮೂದಿಸಿ ಪ್ರಿಂಟರನ್ನು ಜೋಡಿಸಿಕೊಳ್ಳಬಹುದು.

ಇಲ್ಲಿ ಮೂರು ಅಂಶಗಳನ್ನು ಗಮನಿಸತಕ್ಕದ್ದು.

1. ಹೊಸ ಖಾತೆಯು ತಾನಾಗಿಯೇ ‘ಡೊಮೇನ್ ಯೂಸರ್ಸ್’ ಗುಂಪಿಗೆ ಸೇರುತ್ತದೆ. ಆ ಗುಂಪಿಗೆ ಅಥವಾ ‘ಎವ್ರಿವನ್’ಗೆ ತೆರೆದಿಟ್ಟ ಲೆಕ್ಕದ ಫೋಲ್ಡರ್‌ಗಳು ಹೊರಗಿನವರಿಗೂ ತೆರೆದುಕೊಳ್ಳುತ್ತವೆ. ಆದ್ದರಿಂದ ಮೊದಲು ಫೋಲ್ಡರ್‌ಗಳ ಅನುಮತಿಯನ್ನು ಬಿಗಿಗೊಳಿಸಿರಿ.

2. ಬದಲಾಯಿಸದಿದ್ದಲ್ಲಿ ಡೊಮೇನ್ ಪಾಸ್‌ವರ್ಡಿನ ಅವಧಿ 42 ದಿನಗಳು. ಅವಧಿ ಮುಗಿದೊಡನೆ ಮುದ್ರಣವೂ ನಿಲ್ಲುವುದರಿಂದ ದಿನಾಂಕವನ್ನು ಬರೆದಿಡಿರಿ.

3. ಪ್ರಿಂಟರ್ ಸೇವೆಯಲ್ಲಿ ಕಂಡುಬಂದ ಭದ್ರತಾ ದೋಷಗಳ ಕಾರಣ 2021ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ನಿಯಮವನ್ನು ಬಿಗಿಗೊಳಿಸಿತು. ಅಂದಿನಿಂದ ಸರ್ವರ್ ಮೂಲಕ ಡ್ರೈವರ್ ಹಾಕಿಕೊಳ್ಳಲು ಆಯಾ ಗಣಕಯಂತ್ರದ ‘ಅಡ್ಮಿನಿಸ್ಟ್ರೇಟರ್’ ಅಧಿಕಾರ ಬೇಕು. ಅದನ್ನು ಹೊಂದಿರುವವರೇ ಮೊದಲ ಜೋಡಣೆಯನ್ನು ಮಾಡಬೇಕು.

ಎರಡನೆಯ ವಿಧಾನ: ಪ್ರಿಂಟರ್‌ಗೆ ನೇರ ಸಂಪರ್ಕ

ಪ್ರಿಂಟರ್‌ಗೆ ಸ್ವಂತ ನೆಟ್‌ವರ್ಕ್ ಸೌಲಭ್ಯವಿದ್ದರೆ ಸರ್ವರ್‌ನ ಅಗತ್ಯವೇ ಇಲ್ಲ. ಪ್ರಿಂಟರ್‌ಗೆ 192.168.1.50 ಎಂಬಂತಹ ಸ್ಥಿರ ಐಪಿ ವಿಳಾಸವನ್ನು ಕೊಟ್ಟು, ಹೊರಗಿನ ಗಣಕಯಂತ್ರದಲ್ಲಿ ‘ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್’ ಆಯ್ದುಕೊಂಡು ಅದೇ ವಿಳಾಸವನ್ನು ನಮೂದಿಸಿದರೆ ಸಾಕು. ಸಾಮಾನ್ಯವಾಗಿ ಇದು 9100 ಸಂಖ್ಯೆಯ ಪೋರ್ಟ್ ಮೂಲಕ ನಡೆಯುತ್ತದೆ. ಡೊಮೇನ್ ಪಾಸ್‌ವರ್ಡಿನ ಪ್ರಶ್ನೆ ಬಾರದು. ಸಣ್ಣ ಕಛೇರಿಗಳಿಗೆ ಇದೇ ಸುಲಭವಾದುದು. ಆದರೆ ಯಾರು ಎಷ್ಟು ಪುಟ ಮುದ್ರಿಸಿದರೆಂಬ ದಾಖಲೆ ಸರ್ವರ್‌ನಲ್ಲಿ ಉಳಿಯುವುದಿಲ್ಲ. ಪ್ರಿಂಟರ್‌ನ ಸ್ವಂತ ನಿರ್ವಹಣಾ ಪುಟಕ್ಕೆ ಪಾಸ್‌ವರ್ಡ್ ಹಾಕುವುದನ್ನು ಮಾತ್ರ ಮರೆಯಬಾರದು.

ಮಾನ್ವಿ, ದೇವದುರ್ಗಗಳಿಂದ ಮುದ್ರಣ

ಮೇಲಿನ ಎರಡೂ ವಿಧಾನಗಳು ಒಂದೇ ಕಟ್ಟಡದ ಒಳಗಿನವು. ಖರೀದಿ ಕೇಂದ್ರದ ದಿನದ ತೂಕದ ಪಟ್ಟಿ ರಾಯಚೂರಿನ ಪ್ರಿಂಟರ್‌ನಲ್ಲಿಯೇ ಬರಬೇಕೆಂದರೆ, ಎರಡೂ ಊರುಗಳ ಕಛೇರಿಗಳನ್ನು ಮೊದಲು ವಿಪಿಎನ್ ಮೂಲಕ ಜೋಡಿಸಬೇಕು. ಬಳಿಕ ಮೇಲಿನ ಯಾವುದೇ ವಿಧಾನವನ್ನು ಅನುಸರಿಸಬಹುದು. ಖರ್ಚು ಉಳಿಯುತ್ತದೆಂದು 9100 ಪೋರ್ಟನ್ನು ಇಂಟರ್‌ನೆಟ್‌ಗೆ ನೇರವಾಗಿ ತೆರೆದಿಡುವುದು ಅಪಾಯಕರ. 2018ರ ಕೊನೆಯಲ್ಲಿ ಒಬ್ಬ ಹ್ಯಾಕರ್, ಹೀಗೆ ತೆರೆದಿದ್ದ ಸುಮಾರು 50,000 ಪ್ರಿಂಟರ್‌ಗಳಲ್ಲಿ ತನ್ನ ಸಂದೇಶವನ್ನು ಮುದ್ರಿಸಿದುದಾಗಿ ಹೇಳಿಕೊಂಡಿದ್ದನು.

ಹಿಂದೆ ಅನೇಕರು ನೆಚ್ಚಿದ್ದ ಗೂಗಲ್ ಕ್ಲೌಡ್ ಪ್ರಿಂಟ್ ಸೇವೆ 2020ರ ಡಿಸೆಂಬರ್ 31ಕ್ಕೆ ಮುಕ್ತಾಯಗೊಂಡಿತು. ದಿನಕ್ಕೆ ನಾಲ್ಕಾರು ಹಾಳೆಗಳಷ್ಟೇ ಇದ್ದಲ್ಲಿ, ಪಿಡಿಎಫ್ ಕಡತವನ್ನು ಇ-ಮೇಲ್ ಮೂಲಕ ಕಳುಹಿಸಿ ರಾಯಚೂರಿನ ಗುಮಾಸ್ತರಿಂದ ಮುದ್ರಿಸಿಕೊಳ್ಳುವುದೇ ಮಿತವ್ಯಯದ ದಾರಿ.

ಇಂದೇ ಮಾಡಬಹುದಾದ ಕೆಲಸ

ನಮ್ಮ ವರ್ತಕರು ಅಂಗಡಿಗೆ ಬಂದವರನ್ನು ಕೂರಿಸಿ ಚಹಾ ಕೊಡುತ್ತಾರೆ. ಆದರೆ ತಿಜೋರಿಯ ಕೀಲಿಯನ್ನು ಕೊಡುವುದಿಲ್ಲ. ಪ್ರಿಂಟರ್ ವಿಷಯದಲ್ಲಿಯೂ ಇದೇ ವಿವೇಕವಿರಲಿ. ತಮ್ಮ ಕಛೇರಿಯ ಪಾಸ್‌ವರ್ಡ್ ಯಾವ ಯಾವ ಹೊರಗಿನವರಿಗೆ ತಿಳಿದಿದೆಯೆಂದು ಸದಸ್ಯರು ಇಂದೇ ವಿಚಾರಿಸಲಿ. ಒಬ್ಬರಿಗಾದರೂ ತಿಳಿದಿದ್ದರೆ ಅದನ್ನು ಬದಲಾಯಿಸಿ, ಅವರಿಗೆ ಮುದ್ರಣದ ಖಾತೆಯನ್ನಷ್ಟೇ ಕೊಡುವುದು ಕ್ಷೇಮಕರ.