ಲಾಭದಲ್ಲಿ ಪಾಲು ಸರಿ, ಯಾವ ಲಾಭದಲ್ಲಿ?

‘ಲಾಭ ಬಂದರಷ್ಟೇ ನಮಗೆ ಫೀ, ಬರದಿದ್ದರೆ ಒಂದು ಪೈಸೆಯೂ ಬೇಡ.’ ನಿವೃತ್ತಿಯ ಹಣವೋ ಸೈಟು ಮಾರಿದ ಹಣವೋ ಕೈಗೆ ಬಂದಾಗ ಇಂಥ ಮಾತು ಬಲು ಹಿತವಾಗಿ ಕೇಳಿಸುತ್ತದೆ. ಪೋರ್ಟ್‌ಫೋಲಿಯೊ ಮ್ಯಾನೇಜ್‌ಮೆಂಟ್ ಸೇವೆ, ಅಂದರೆ ಪಿಎಂಎಸ್, ಕನಿಷ್ಠ 50 ಲಕ್ಷ ರೂಪಾಯಿ ಹೂಡುವವರಿಗೆ ಮಾತ್ರ. ಇಲ್ಲಿ ಮ್ಯಾನೇಜರ್‌ಗೆ ವರ್ಷಕ್ಕಿಷ್ಟು ಎಂಬ ನಿಗದಿತ ಶುಲ್ಕ ಕೊಡಬಹುದು, ಲಾಭದಲ್ಲಿ ಪಾಲು ಕೊಡಬಹುದು, ಎರಡನ್ನೂ ಸೇರಿಸಿಯೂ ಒಪ್ಪಂದ ಮಾಡಿಕೊಳ್ಳಬಹುದು.

ಪಾಲು ಕೊಡುವುದರಲ್ಲಿ ತಪ್ಪಿಲ್ಲ. ಲಾಭವನ್ನು ಎಲ್ಲಿಂದ ಎಣಿಸುತ್ತಾರೆ ಎಂಬುದೇ ಮುಖ್ಯ.

ಲಾಭದ ಶೇ 20ರಷ್ಟು ಫೀ ಎಂಬ ಒಪ್ಪಂದದ ಮೇಲೆ ಒಬ್ಬರು 50 ಲಕ್ಷ ಹೂಡಿದರು ಎನ್ನೋಣ. ಮೊದಲ ವರ್ಷ ಅದು 60 ಲಕ್ಷವಾಯಿತು. 10 ಲಕ್ಷ ಲಾಭಕ್ಕೆ 2 ಲಕ್ಷ ಫೀ. ಲೆಕ್ಕ ಸುಲಭವಾಗಲೆಂದು ಆ ಫೀಯನ್ನು ಬೇರೆ ಹಣದಿಂದ ಕೊಟ್ಟರು ಎಂದಿಟ್ಟುಕೊಳ್ಳೋಣ. ಮರುವರ್ಷ ಮಾರುಕಟ್ಟೆ ಕುಸಿದು ಹೂಡಿಕೆ 54 ಲಕ್ಷಕ್ಕಿಳಿಯಿತು, ಫೀ ಇಲ್ಲ. ಮೂರನೇ ವರ್ಷ 63 ಲಕ್ಷ. ಈಗ ಲಾಭ 9 ಲಕ್ಷವೇ? ಅಲ್ಲ. ಹಿಂದೆ ಮುಟ್ಟಿದ್ದ 60 ಲಕ್ಷದ ಗರಿಷ್ಠ ಮಟ್ಟವನ್ನು ದಾಟಿದ 3 ಲಕ್ಷಕ್ಕೆ ಮಾತ್ರ ಫೀ ಸಲ್ಲುತ್ತದೆ: 60 ಸಾವಿರ ರೂಪಾಯಿ. 9 ಲಕ್ಷದ ಮೇಲೆ ಎಣಿಸಿದರೆ 1.80 ಲಕ್ಷ ಕೊಡಬೇಕಾಗುತ್ತಿತ್ತು. ಕಳೆದುಕೊಂಡದ್ದು ಮರಳಿ ಬಂದುದಕ್ಕೂ ಹೂಡಿಕೆದಾರ ಬಹುಮಾನ ಕೊಡುವುದು ನ್ಯಾಯವಲ್ಲ. ಇದೇ ‘ಹೈ ವಾಟರ್ ಮಾರ್ಕ್’ ತತ್ವ. ಲಾಭದ ಪಾಲನ್ನು ಹೀಗೆಯೇ ಲೆಕ್ಕ ಹಾಕಬೇಕೆಂಬುದು ಸೆಬಿಯ ಕಡ್ಡಾಯ ನಿಯಮ.

2020ರ ಪೋರ್ಟ್‌ಫೋಲಿಯೊ ಮ್ಯಾನೇಜರ್‌ಗಳ ನಿಯಮಾವಳಿ ಬಂದ ಮೇಲೆ ಮುಂಗಡ ಶುಲ್ಕ ವಸೂಲಿಗೆ ಅವಕಾಶವಿಲ್ಲ. ಬ್ರೋಕರೇಜ್ ಬಿಟ್ಟು ಉಳಿದ ನಿರ್ವಹಣಾ ವೆಚ್ಚ ವರ್ಷಕ್ಕೆ ಶೇ 0.50 ಮೀರುವಂತಿಲ್ಲ. ಹಣ ವಾಪಸ್ ಪಡೆದರೆ ವಿಧಿಸುವ ಎಕ್ಸಿಟ್ ಲೋಡ್ ಮೊದಲ ವರ್ಷ ಹೆಚ್ಚೆಂದರೆ ಶೇ 3, ಎರಡನೇ ವರ್ಷ ಶೇ 2, ಮೂರನೇ ವರ್ಷ ಶೇ 1. ಆಮೇಲೆ ಏನೂ ಇಲ್ಲ. ಇಷ್ಟೇ ಲಾಭ ಖಚಿತ ಎಂದು ಭರವಸೆ ಕೊಡುವುದಂತೂ ಕಾನೂನುಬಾಹಿರ. ಏಜೆಂಟರ ಹಂಗಿಲ್ಲದೆ ನೇರವಾಗಿ ಖಾತೆ ತೆರೆಯುವ ಹಕ್ಕೂ ಗ್ರಾಹಕರಿಗಿದೆ. ಮ್ಯೂಚುವಲ್ ಫಂಡ್‌ಗಳಲ್ಲಿಯೂ 2013ರ ಜನವರಿಯಿಂದ ಇಂಥ ‘ಡೈರೆಕ್ಟ್’ ಆಯ್ಕೆಯಿದೆ. ಆದರೆ ಅಲ್ಲಿನ ವೆಚ್ಚವನ್ನು ಲಾಭ ಬರಲಿ ಬಿಡಲಿ, ಯೋಜನೆಯ ಆಸ್ತಿಯಿಂದ ದಿನವೂ ಮುರಿದುಕೊಳ್ಳಲಾಗುತ್ತದೆ.

ಫೀ ಹೆಚ್ಚಾಗಿ ಕಡಿತವಾಗಿದೆ ಎನ್ನಿಸಿದರೆ ಮೊದಲು ಸಂಸ್ಥೆಗೇ ಲಿಖಿತ ದೂರು ಕೊಡಬೇಕು. ಸಮಾಧಾನಕರ ಉತ್ತರ ಸಿಗದಿದ್ದರೆ ಸೆಬಿಯ ‘ಸ್ಕೋರ್ಸ್’ ಪೋರ್ಟಲ್ ಇದೆ. ಅಲ್ಲಿ ದೂರು ದಾಖಲಾದ 21 ದಿನಗಳೊಳಗೆ ಸಂಸ್ಥೆ ಉತ್ತರಿಸಬೇಕು. ಆ ಉತ್ತರವೂ ಒಪ್ಪಿಗೆಯಾಗದಿದ್ದರೆ 15 ದಿನಗಳೊಳಗೆ ಮರುಪರಿಶೀಲನೆ ಕೇಳಬಹುದು. ಒಪ್ಪಂದದ ಪ್ರತಿ, ಫೀ ಲೆಕ್ಕದ ಹಾಳೆ, ಇಮೇಲ್‌ಗಳನ್ನು ಜೋಪಾನವಾಗಿಟ್ಟವರ ದೂರಿಗೆ ಬಲ ಹೆಚ್ಚು.

ಫೀ ವಿವರದ ಅನುಬಂಧಕ್ಕೆ ಗ್ರಾಹಕರಿಂದ ಪ್ರತ್ಯೇಕ ಸಹಿ ಪಡೆಯಬೇಕು, ಹಲವು ವರ್ಷಗಳ ಶುಲ್ಕ ಎಷ್ಟಾಗುತ್ತದೆಂದು ತೋರಿಸುವ ಲೆಕ್ಕದ ಸಾಧನವನ್ನೂ ಒದಗಿಸಬೇಕು ಎಂಬ ನಿಯಮ 2024ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಆ ಲೆಕ್ಕವನ್ನು ಎದುರಿಗಿಟ್ಟುಕೊಂಡು, ಮಾರುಕಟ್ಟೆ ಬಿದ್ದು ಮತ್ತೆ ಎದ್ದ ವರ್ಷ ಎಷ್ಟು ಫೀ ಬೀಳುತ್ತದೆಂದು ಕೇಳಿ ತಿಳಿದುಕೊಂಡ ಮೇಲೆಯೇ ಸಹಿ ಹಾಕಿ.